ದನಿ ಚಲೋ ಐತಿ ಅಂದಾರಂತ ಕೆಲಸ ಬಿಡಬ್ಯಾಡ್ರಿ

"ನಿನ್ನ ದನಿ ಭಾಳ ಚಲೋ ಐತಲೇ, ಟೀವ್ಯಾಗ ಹೋಗ್ಬೇಕ ನೀ" ಅಂತ ಯಾರಾದರೂ ಅಂದಿದ್ದರೆ ಖುಷಿಪಡಿ, ಆದರೆ ಲೆಕ್ಕಕ್ಕೆ ಹಿಡಿಯಬೇಡಿ. ನನಗೆ ಹನ್ನೊಂದು ವರ್ಷ ಹಂಗೇ ಅಂದಾರ. ಬಾಗಲಕೋಟೆಯ ನವನಗರದಲ್ಲಿ ಆಟೋಕ್ಕೆ ಮೈಕ್ ಕಟ್ಟಿ ಸೀರೆ ಸೇಲು, ಜಾತ್ರೆ, ಚುನಾವಣೆ ಎಲ್ಲ ಸಾರಿದವ ನಾನು. ಅದೇ ದನಿ ನಂಬಿ ವಾಯ್ಸ್ ಓವರ್‌ಗೆ, ಅಂದರೆ ಜಾಹೀರಾತು, ವಿಡಿಯೋಗಳಿಗೆ ಹಿನ್ನೆಲೆ ದನಿ ಕೊಡುವ ಕೆಲಸಕ್ಕೆ ಇಳಿದೆ. ಮೊದಲ ಸ್ಯಾಂಪಲ್ ಕೇಳಿದ ಬೆಂಗಳೂರಿನ ಸ್ಟುಡಿಯೋದವರು ಅಂದದ್ದು: "ಸರ್, ನೀವು ಯಾರನ್ನೋ ಕೂಗಿ ಕರೀತಿದೀರಿ. ನಮಗೆ ಪಕ್ಕದಲ್ಲಿ ಕೂತು ಮಾತಾಡೋರು ಬೇಕು."

ಹಾಗಾಗಿ ಮೊದಲು ಮೊಬೈಲಿನಲ್ಲೇ ನೋಡಿಕೊಳ್ಳಿ. ದಿನಪತ್ರಿಕೆಯ ಕೃಷಿ ಪುಟವನ್ನು ನಲವತ್ತು ನಿಮಿಷ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ, ಮರುದಿನ ಬೆಳಿಗ್ಗೆ ಕೇಳಿ. ಅವತ್ತೇ ಕೇಳಿದರೆ ತಪ್ಪು ಕಿವಿಗೆ ಬೀಳದೆ ಹೋಗಬಹುದು. ಮೊದಲ ಐದು ನಿಮಿಷ, ಕಡೆಯ ಐದು ನಿಮಿಷ ಒಬ್ಬನೇ ಮನುಷ್ಯ ಓದಿದ ಹಾಗಿದೆಯಾ? 1,37,450 ಅಂತ ಬಂದಲ್ಲಿ ತಡವರಿಸದೆ ಓದಿದಿರಾ? ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ: ಬರೆದದ್ದು 'ಮನೆ', ಬಾಯಿಗೆ ಬರುವುದು 'ಮನಿ'. ಇದು ತಪ್ಪಲ್ಲ. ಜವಾರಿ ಮಾತಿನ ಜಾಹೀರಾತಿಗೆ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಆದರೆ ಎರಡೂ ನಾಲಿಗೆಯ ಮೇಲಿರಬೇಕು, ಕೇಳಿದಾಗ ಕೇಳಿದ್ದು ಹೊರಬರಬೇಕು. ಒಂದರಲ್ಲಿ ಇನ್ನೊಂದು ಬೆರೆತರೆ ರಿಟೇಕ್ ಗ್ಯಾರಂಟಿ.

ರಿಟೇಕ್ ಅಂದೆನಲ್ಲ, ಹೊಸಬರು ಕುಸಿಯುವುದೇ ಅಲ್ಲಿ. ನನಗೆ ಬಂದಿದ್ದ ಒಂದು ಸಾಲು: "ಬಿತ್ತನೆಗೆ ಬಳಸುವ ಬೀಜಕ್ಕೆ ಬೀಜೋಪಚಾರ ಮಾಡಿ." ಬಕಾರದ ಜಾತ್ರೆ! ಪ, ಫ, ಬ, ಭ ಅಂದಾಗ ಬಾಯಿಂದ ಹೊರಟ ಗಾಳಿ ನೇರ ಮೈಕಿಗೆ ಬಡಿದು 'ಡಬ್' ಅನ್ನುತ್ತದೆ. ಮೈಕಿಗೆ ಒಂದು ಗೇಣು ದೂರ ಕೂತು, ಬಾಯಿ ತುಸು ಓರೆ ಮಾಡಿ, ನಡುವೆ ಗಾಳಿ ತಡೆಯುವ ಜಾಳಿಗೆಯಂಥ ಪಾಪ್ ಫಿಲ್ಟರ್ ಇಟ್ಟು ಅದನ್ನು ಗೆದ್ದೆ. ಆಮೇಲೆ ಫೋನಿನಲ್ಲಿ ಸ್ಟುಡಿಯೋದವರದು ಶುರುವಾಯಿತು: "ಇನ್ನೂ ಸ್ವಲ್ಪ ನಗು ಬೇಕು ಸರ್." "ಇಷ್ಟು ನಗು ಬೇಡ." "ಮೊದಲನೇದೇ ಚೆನ್ನಾಗಿತ್ತು, ಅದೇ ಥರ ಇನ್ನೊಂದು ಕೊಡಿ." ಇಪ್ಪತ್ಮೂರು ಸಲ ಓದಿದೆ. ಇಪ್ಪತ್ಮೂರನೆಯದರಲ್ಲೂ ಸಿಟ್ಟು ದನಿಗೆ ಇಳಿಯಬಾರದು, ಮೈಕು ಅದನ್ನು ಹಿಡಿದುಬಿಡುತ್ತದೆ. ಮನೆಯವರನ್ನೋ ಗೆಳೆಯರನ್ನೋ ಎದುರಿಗೆ ಕೂರಿಸಿ, ಒಂದೇ ಸಾಲಿಗೆ ಇಪ್ಪತ್ತು ಸಲ ತಪ್ಪು ತೆಗೆಯಲು ಹೇಳಿ. ಹತ್ತಕ್ಕೇ ಜಗಳವಾದರೆ ಈ ದಂಧೆ ಸದ್ಯಕ್ಕೆ ಬೇಡ.

ಇನ್ನು ಕೋಣೆ. ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬೆಳೆದವರು ನಾವು, ಈ ಕೆಲಸದಲ್ಲಿ ಅದೇ ಪ್ರತಿಧ್ವನಿ ವೈರಿ. ಗೋಡೆಗೆ ಹಚ್ಚುವ, ಸದ್ದು ಹೀರುವ ಫೋಮ್ ಕೊಳ್ಳಲು ಹೋಗಬೇಡಿ. ನಾನು ಅವ್ವ ಹೊಲಿದ ನಾಲ್ಕು ಕೌದಿಗಳನ್ನು ಹಗ್ಗಕ್ಕೆ ಹಾಕಿ ಒಳಗೆ ಕೂರುತ್ತೇನೆ. ಹಳೇ ಸೀರೆಗಳ ಪದರ ಪದರ, ದನಿ ಅದರಲ್ಲಿ ಇಂಗಿಹೋಗುತ್ತದೆ. ಹೊರಗಿನ ಸದ್ದು ಮಾತ್ರ ಕೌದಿಗೂ ಜಗ್ಗುವುದಿಲ್ಲ. ಅದನ್ನು ಅಳೆಯಲು ಆಡಾಸಿಟಿ ಸಾಕು, ಪುಕ್ಕಟೆ ತಂತ್ರಾಂಶ. ಅರ್ಧ ನಿಮಿಷ ಸುಮ್ಮನೆ ಕೂತು ಬರೀ ಮೌನ ರೆಕಾರ್ಡ್ ಮಾಡಿ. ಆಡಿಯೋಬುಕ್ಕಿನ ಎಸಿಎಕ್ಸ್ ತಾಣ ಮೌನದ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು, ಮಾತಿನ ಅತಿ ಏರು ಮೈನಸ್ 3 ದಾಟಬಾರದು ಅನ್ನುತ್ತದೆ (ಈ ಅಳತೆಯಲ್ಲಿ ಸೊನ್ನೆಯೇ ಅತಿ ಜೋರು, ಮೈನಸ್ ಹೆಚ್ಚಿದಷ್ಟೂ ಸದ್ದು ಕಡಿಮೆ). ಎಲ್ಲಿ ಕೆಲಸ ಮಾಡಿದರೂ ಒಳ್ಳೆಯ ಅಳತೆಗೋಲು ಅದು. ನನ್ನ ಮೊದಲ ಮೌನದಲ್ಲಿ ಫ್ಯಾನು, ಫ್ರಿಜ್ಜು, ಹಾಡು ಹಚ್ಚಿಕೊಂಡು ಹೋದ ಕಬ್ಬಿನ ಟ್ರ್ಯಾಕ್ಟರು, ಪಕ್ಕದ ಮನೆಯ ಕಾಕಿ ರೊಟ್ಟಿ ಬಡಿಯುವ ಸಪ್ಪಳ, ಎಲ್ಲ ಇದ್ದವು. ಅದಕ್ಕೇ ಈಗ ನಸುಕಿನ ನಾಲ್ಕೂವರೆಗೆ ಕೂರುತ್ತೇನೆ. ಮೇ ತಿಂಗಳಲ್ಲಿ ಫ್ಯಾನ್ ಬಂದ್ ಮಾಡಿ ಕೌದಿಯೊಳಗೆ ಅರ್ಧ ತಾಸು ಕೂತು, ತಂಪು ಪಾನೀಯದ ಜಾಹೀರಾತು ಓದಿ ನೋಡಿ.

ಕನ್ನಡ ಡಬ್ಬಿಂಗ್‌ಗೆ ಇದ್ದ ಅಡ್ಡಿಯ ವಿರುದ್ಧ 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ಆ ಕೆಲಸ ಹೆಚ್ಚಿತು. ಆದರೆ ತುಟಿಗೆ ಮಾತು ಕೂಡಿಸುವುದು ಬೇರೆಯೇ ವಿದ್ಯೆ, ಅದಕ್ಕೆ ಬೆಂಗಳೂರಿನ ಸ್ಟುಡಿಯೋಗಳಿಗೆ ಓಡಾಡಬೇಕು. ಊರಲ್ಲಿ ಕೂತವರಿಗೆ ಸಿಗುವುದು ಜಾಹೀರಾತು, ಕೃಷಿ ವಿಡಿಯೋ, ಆನ್‌ಲೈನ್ ಪಾಠ, "ಕನ್ನಡಕ್ಕಾಗಿ ಒಂದನ್ನು ಒತ್ತಿ" ಥರದವು.

ದುಡ್ಡಿನ ಮಾತು. ಒಂದು ತಾಸಿನ ಆಡಿಯೋ ಒಪ್ಪವಾಗಿ ಕೊಡಲು ನನಗೆ ಐದಾರು ತಾಸು ಹಿಡಿಯುತ್ತದೆ: ಓದು, ತಪ್ಪು ಕತ್ತರಿಸುವುದು, ಮತ್ತೆ ಕೇಳುವುದು. ದರ ಹೇಳುವಾಗ ಇದನ್ನೆಲ್ಲ ಹಿಡಿದು ಹೇಳಿ. ದನಿ ಎಲ್ಲಿ, ಎಷ್ಟು ದಿನ ಬಳಸುತ್ತಾರೆ, ಎಐ ದನಿ ತಯಾರಿಸಲು ಬಳಸುವುದಿಲ್ಲ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಒಬ್ಬರು ನನ್ನ ಬಿಲ್ಲನ್ನು ಐದು ತಿಂಗಳು ಎಳೆದರು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇದೆ, ಪುಕ್ಕಟೆ, ಮಾಡಿಸಿ. ನೋಂದಾಯಿತ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು ಕಾನೂನೇ ಇದೆ, ಅದನ್ನು ನೆನಪಿಸಿದ ವಾರದಲ್ಲಿ ದುಡ್ಡು ಬಂತು.

ಆರು ತಿಂಗಳ ಮನೆಖರ್ಚು ಕೈಲಿಲ್ಲದೆ ಇದ್ದ ಕೆಲಸ ಬಿಡಬೇಡಿ. ನನ್ನ ಆಟೋ ಇನ್ನೂ ಮಾರಿಲ್ಲ. ಚುನಾವಣೆ ಬಂತೆಂದರೆ ಹದಿನೈದು ದಿನ ಮೈಕ್ ಕಟ್ಟುತ್ತೇನೆ, ಮುಗಿದ ಮೇಲೆ ವಾರಗಟ್ಟಲೆ ಗಂಟಲು ಒಡೆದಿರುತ್ತದೆ, ಸ್ಟುಡಿಯೋದವರಿಗೆ ಊರಲ್ಲಿಲ್ಲ ಅಂತ ಸುಳ್ಳು ಹೇಳುತ್ತೇನೆ.