ತಂಬೂರಿಯ ಪಕ್ಕದಲ್ಲಿ ಗುಂಯ್‌ಗುಡುವ ಕರೆಂಟು: ಮನೆ ಸ್ಟುಡಿಯೊದ ಸದ್ದು ನಿಲ್ಲಿಸುವುದು ಹೇಗೆ?

ಮನೆಯಲ್ಲೇ ಧ್ವನಿಮುದ್ರಣ ಮಾಡುವವರನ್ನು ಹೆಚ್ಚು ಕಾಡುವುದು, ಹಾಡು ನಿಂತ ಕೂಡಲೇ ಸ್ಪೀಕರ್‌ನಲ್ಲಿ ಕೇಳಿಸುವ ಗುಂಯ್ ಸದ್ದು. ಬಿಳಿ ಒಂದರ (ಹಾರ್ಮೋನಿಯಂನ C ಸ್ವರದ) ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಪಂಚಮ ಸುಮಾರು 98 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್ ಆಗಿರುವುದರಿಂದ, ಅದರ ಇಮ್ಮಡಿಯಾದ 100 ಹರ್ಟ್ಜ್‌ನ ಸದ್ದು ಆ ಸ್ವರಕ್ಕೆ ಒತ್ತಿಕೊಂಡು, ಸೆಕೆಂಡಿಗೆ ಎರಡು ಬಾರಿ ಏರಿಳಿಯುತ್ತಾ, ಶ್ರುತಿಯೇ ಸೇರಿಲ್ಲವೇನೋ ಎನ್ನಿಸುತ್ತದೆ. ಫಿಲ್ಟರ್ ಹಾಕಿ ಅದನ್ನು ಕತ್ತರಿಸಿದರೆ ತಂತಿಯ ನಾದವೂ ಸೊರಗುತ್ತದೆ. ಆದ್ದರಿಂದ ಸದ್ದನ್ನು ಹುಟ್ಟುವಲ್ಲಿಯೇ ಹುಡುಕಬೇಕು.

ಮೊದಲು ಕಿವಿಗೊಟ್ಟು ಕೇಳಿ. ಒಂದೇ ಸಮನೆ ಗುಂಯ್‌ಗುಟ್ಟಿದರೆ ವಿದ್ಯುತ್ ಅಥವಾ ಅರ್ಥಿಂಗ್‌ನ ತೊಂದರೆ. ಜೀರುಂಡೆಯಂತೆ ಕರ್ಕಶವಾಗಿದ್ದರೆ ಫ್ಯಾನಿನ ರೆಗ್ಯುಲೇಟರ್ ಅಥವಾ ದೀಪದ ಡಿಮ್ಮರ್ ಆರಿಸಿ ನೋಡಿ. ಮೌಸ್ ಆಡಿಸಿದಂತೆಲ್ಲ ಬದಲಾಗುವ ಕೀರಲು ಸದ್ದು ಕಂಪ್ಯೂಟರಿನದು. ಬರೀ ‘ಸ್ಸ್’ ಎನ್ನುತ್ತಿದ್ದರೆ ಗೇನ್, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ, ಅತಿಯಾಗಿದೆ. ಮೈಕನ್ನು ಹತ್ತಿರ ತಂದು ಗೇನ್ ಇಳಿಸಿದರೆ ಸಾಕು.

ಇನ್ನು ಒಂದೊಂದೇ ತಂತಿ ಬಿಡಿಸಿ ನೋಡಬೇಕು. ವಾಲ್ಯೂಮ್ ಪೂರ್ತಿ ಇಳಿಸಿ, ಸ್ಪೀಕರ್‌ಗೆ ಬರುವ ಕೇಬಲ್ ತೆಗೆದು, ಮತ್ತೆ ವಾಲ್ಯೂಮ್ ಏರಿಸಿ. ಸದ್ದು ಇಲ್ಲವಾದರೆ ಸ್ಪೀಕರ್ ನಿರ್ದೋಷಿ. ಬಳಿಕ, ಮೈಕಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸ್ ಜೋಡಿಸಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ. ಸದ್ದು ತಟ್ಟನೆ ನಿಂತರೆ ಅರ್ಧ ಕೆಲಸ ಮುಗಿದಂತೆ.

ಹೀಗೆ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಅರ್ಥ್ ಲೂಪ್. ಸ್ಪೀಕರ್ ಒಂದು ಗೋಡೆಯ ಪ್ಲಗ್ಗಿನಿಂದಲೂ ಲ್ಯಾಪ್‌ಟಾಪ್ ಇನ್ನೊಂದು ಗೋಡೆಯದರಿಂದಲೂ ಭೂಮಿಗೆ ಜೋಡಣೆಗೊಂಡು, ಆಡಿಯೊ ಕೇಬಲಿನ ಹೊದಿಕೆ ತಂತಿ ಅವೆರಡನ್ನೂ ಮತ್ತೆ ಬೆಸೆದಾಗ ಒಂದು ಉಂಗುರ ಉಂಟಾಗುತ್ತದೆ. ಅದರಲ್ಲಿ ಹರಿಯುವ ಅಲ್ಪ ವಿದ್ಯುತ್ತೇ ಸದ್ದಾಗಿ ಕೇಳಿಸುತ್ತದೆ. ಎಲ್ಲ ಉಪಕರಣಗಳನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕುವುದು ಮೊದಲ ಪರಿಹಾರ. ಆಮೇಲೆ ಕೇಬಲಿನ ಜ್ಯಾಕ್ ಕಡೆ ಕಣ್ಣು ಹಾಯಿಸಿ: ಅದರ ಲೋಹದ ಮೇಲೆ ಒಂದೇ ಕಪ್ಪು ಪಟ್ಟಿ ಇದ್ದರೆ ಅದು ಸದ್ದು ತಡೆಯಲಾರದು, ಎರಡಿದ್ದರೆ ಬ್ಯಾಲೆನ್ಸ್ಡ್ ಕೇಬಲ್. ಇದರಲ್ಲಿ ಎರಡು ತಂತಿಗಳು ಒಂದೇ ಧ್ವನಿಯನ್ನು, ಒಂದು ನೇರವಾಗಿಯೂ ಇನ್ನೊಂದು ತಲೆಕೆಳಗು ಮಾಡಿಯೂ ಒಯ್ಯುತ್ತವೆ; ಎರಡರ ಮೇಲೂ ಸಮನಾಗಿ ಬಿದ್ದ ಸದ್ದು ಕೊನೆಯಲ್ಲಿ ಕಳೆದುಹೋಗುತ್ತದೆ. ಎರಡೂ ತುದಿಯ ಉಪಕರಣಗಳು ಬ್ಯಾಲೆನ್ಸ್ಡ್ ಆಗಿದ್ದರೆ ಮಾತ್ರ ಇದರ ಪೂರ್ಣ ಫಲ ಸಿಗುತ್ತದೆ. ಇಲ್ಲವಾದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ, ತಂತಿಗಳ ನೇರ ಸಂಪರ್ಕ ತಪ್ಪಿಸಿ ಧ್ವನಿಯನ್ನಷ್ಟೇ ದಾಟಿಸುವ ಐಸೊಲೇಟರ್ ಹಾಕಿಕೊಳ್ಳಬಹುದು.

ಪ್ಲಗ್ಗಿನಲ್ಲಿ ಭೂಮಿಗೆ ಜೋಡಿಸುವ ಮೂರನೆಯ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವೆ, ಸರಿಯಾಗಿ ಅರ್ಥ್ ಆಗಿರದ ಮೈಕನ್ನು ವೇದಿಕೆಯ ಮೇಲೆ ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ನಮ್ಮ ಹಳೆಯ ಮನೆಗಳಲ್ಲಿ ಮೂರನೆಯ ರಂಧ್ರದ ಹಿಂದೆ ತಂತಿಯೇ ಇಲ್ಲದಿರುವುದುಂಟು. ಚಾರ್ಜ್ ಆಗುತ್ತಿರುವ ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಜುಮ್ಮೆನ್ನುತ್ತಿದ್ದರೆ ಎಲೆಕ್ಟ್ರೀಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಬೋರ್ಡು ಬಿಚ್ಚುವ ಕೆಲಸ ಅವರಿಗೇ ಇರಲಿ.

ಇಷ್ಟಾದರೂ ಎಲೆಕ್ಟ್ರಿಕ್ ಗಿಟಾರ್ ಮಾತ್ರ ಗುಂಯ್‌ಗುಟ್ಟುತ್ತಿದ್ದರೆ, ಅದನ್ನು ಹಿಡಿದು ಕೂತಲ್ಲೇ ನಿಧಾನವಾಗಿ ಸುತ್ತ ತಿರುಗಿ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಒಂಟಿ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಹತ್ತಿರದ ಅಡಾಪ್ಟರಿನ ಕಾಂತಕ್ಷೇತ್ರವನ್ನು ಹಿಡಿಯುತ್ತಿರುತ್ತದೆ. ಯಾವ ದಿಕ್ಕಿನಲ್ಲಿ ಸದ್ದು ಅಡಗುತ್ತದೋ ಅತ್ತ ಮುಖಮಾಡಿ ಕುರ್ಚಿ ಹಾಕಿಕೊಳ್ಳಿ.