ಚಂದ್ರನಿಗೆ ಬಡಿದು ಬರುವ ಸಿಗ್ನಲ್: ನಾಲ್ಕು ಜನ ಸೇರಿ ಮೂನ್‌ಬೌನ್ಸ್ ಸ್ಪರ್ಧೆಗೆ ಇಳಿಯುವುದು ಹೇಗೆ?

ಚಂದ್ರ ನಮ್ಮಿಂದ ಸರಾಸರಿ 3,84,400 ಕಿಲೋಮೀಟರ್ ದೂರ. ರೇಡಿಯೊ ಸಿಗ್ನಲ್ ಅಲ್ಲಿಗೆ ಹೋಗಿ ಬಡಿದು ವಾಪಸ್ ಬರೋಕೆ ಸುಮಾರು ಎರಡೂವರೆ ಸೆಕೆಂಡ್ ಸಾಕು. ಈ ದಾರಿಯಲ್ಲಿ ಜಪಾನಿನ ಅಥವಾ ಜರ್ಮನಿಯ ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊಗಾರ) ಜೊತೆ ಸಂಪರ್ಕ ಮಾಡುವುದೇ ಮೂನ್‌ಬೌನ್ಸ್. ಇದಕ್ಕೆ ದೊಡ್ಡ ಡಿಶ್ ಬೇಕೇ ಬೇಕು ಅಂತ ಎಷ್ಟೋ ಹ್ಯಾಮ್‌ಗಳು ಸುಮ್ನೆ ಬಿಟ್ಟುಬಿಡ್ತಾರೆ. 144 ಮೆಗಾಹರ್ಟ್ಸ್‌ನಲ್ಲಿ ಒಂದು ಉದ್ದನೆಯ ಯಾಗಿ ಆಂಟೆನಾ (ಹಳೇ ಟಿವಿ ಆಂಟೆನಾದಂಥ ಅಡ್ಡಕಡ್ಡಿಗಳದ್ದು), ನೂರು ವಾಟ್ ಆಸುಪಾಸಿನ ಪವರ್, ಒಂದು ಲ್ಯಾಪ್‌ಟಾಪ್ ಇದ್ದರೆ ಆ ಕಡೆಯ ದೊಡ್ಡ ಸ್ಟೇಷನ್‌ಗಳು ಸಿಗುತ್ತವೆ. ಎಷ್ಟು ವಾಟ್ ಬಿಡಬಹುದು, ಮನೆ ಬಿಟ್ಟು ಬೇರೆ ಕಡೆಯಿಂದ ಬಿಡಬಹುದಾ ಅನ್ನೋದನ್ನು ಮಾತ್ರ ನಿಮ್ಮ ಲೈಸೆನ್ಸ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಇದು ಸಾಧ್ಯವಾಗಿದ್ದು ಜೋ ಟೇಲರ್ ಅವರಿಂದ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು, ಸ್ವತಃ ಹ್ಯಾಮ್. ಅವರು ಶುರುಮಾಡಿದ ಡಬ್ಲ್ಯುಎಸ್‌ಜೆಟಿ ಸಾಫ್ಟ್‌ವೇರ್ ಕಿವಿಗೆ ಕೇಳಿಸದ ಸಿಗ್ನಲ್ಲನ್ನೂ ಗದ್ದಲದೊಳಗಿಂದ ಹೆಕ್ಕಿ ಕೊಡುತ್ತದೆ. ಉಚಿತ.

ಮೊದಲು ಜಾಗ ಹುಡುಕಿ

ನಾವು ಮೊದಲು ಮೈಸೂರಿನ ಕುವೆಂಪುನಗರದ ತಾರಸಿ ಮೇಲೆ ಪ್ರಯತ್ನಿಸಿದೆವು. ಸುತ್ತಲಿನ ಎಲ್‌ಇಡಿ ಬಲ್ಬು, ಇನ್ವರ್ಟರ್‌ಗಳ ರೇಡಿಯೊ ಗಲಾಟೆ ಜಾಸ್ತಿ, ಜೊತೆಗೆ ಚಂದ್ರ ಆಗ್ನೇಯಕ್ಕೆ ವಾಲಿ ಹುಟ್ಟುವ ದಿನಗಳಲ್ಲಿ ಚಾಮುಂಡಿ ಬೆಟ್ಟ ಅಡ್ಡ. ಕೊನೆಗೆ ಮಂಡ್ಯ ಕಡೆ ಸ್ನೇಹಿತರೊಬ್ಬರ ಗದ್ದೆ ಬದುವಿಗೆ ಹೋದೆವು. ಎರಡೂ ಊರು ಎಂಕೆ82 ಅನ್ನೋ ಒಂದೇ ಗ್ರಿಡ್‌ನಲ್ಲಿವೆ (ಹ್ಯಾಮ್‌ಗಳು ಜಾಗ ಗುರುತಿಸಲು ಬಳಸುವ ನಕ್ಷೆಯ ಚೌಕ), ಹಾಗಾಗಿ ಅದೇನೂ ಬದಲಾಗಲಿಲ್ಲ. ಪಂಪ್‌ಸೆಟ್‌ಗೆ ಕರೆಂಟ್ ಯಾವ ಹೊತ್ತಿಗೆ ಬರುತ್ತೆ ಅಂತ ಗದ್ದೆಯವರನ್ನು ಕೇಳಿಟ್ಟುಕೊಳ್ಳಿ, ಮೋಟಾರ್ ಓಡುವಾಗ ಗಲಾಟೆ ಏರಬಹುದು.

ಬಯಲೇ ಯಾಕೆ ಅಂದರೆ, ಚಂದ್ರ ಹುಟ್ಟುವಾಗ ಮತ್ತು ಮುಳುಗುವಾಗ ಸಿಗ್ನಲ್ ನೇರವಾಗಿಯೂ ಬರುತ್ತೆ, ಎದುರಿನ ನೆಲಕ್ಕೆ ಬಡಿದೂ ಬರುತ್ತೆ. ಎರಡೂ ಸೇರಿದರೆ 6 ಡೆಸಿಬೆಲ್‌ವರೆಗೆ ಲಾಭ, ಒಂದು ಯಾಗಿ ನಾಲ್ಕು ಯಾಗಿಯಂತೆ ಕೆಲಸ ಮಾಡುತ್ತೆ. ನೀರು ನಿಂತ ಸಪಾಟು ಗದ್ದೆ ಇದಕ್ಕೆ ಬಹಳ ಒಳ್ಳೆಯದು. ಆದರೆ ನಮ್ಮ ಕಡೆ ಚಂದ್ರ ಓರೆಯಾಗಿ ಏರೋದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಮೇಲೇರ್ತಾನೆ. ಮುಕ್ಕಾಲು ಗಂಟೆ ಸಿಕ್ಕರೆ ಹೆಚ್ಚು. ಚಿಕ್ಕ ತಂಡದ ಇಡೀ ಸ್ಪರ್ಧೆ ನಿಂತಿರೋದು ಈ ಮುಕ್ಕಾಲು ಗಂಟೆಗಳ ಮೇಲೆ.

ಪವರ್‌ಗಿಂತ ಮೊದಲು ಕಿವಿ

ಹೊಸಬರು ದುಡ್ಡು ಬಂದ ಕೂಡಲೇ ಪವರ್ ಆಂಪ್ಲಿಫೈಯರ್ ತಗೋತಾರೆ. ನನ್ನ ಮಾತು ಕೇಳಿ, ಮೊದಲು ಪ್ರೀಆ್ಯಂಪ್ ತಗೊಳ್ಳಿ, ಅಂದರೆ ಬಂದ ಕ್ಷೀಣ ಸಿಗ್ನಲ್ಲನ್ನು ಹಿಗ್ಗಿಸುವ ಪುಟ್ಟ ಪೆಟ್ಟಿಗೆ. ಅದನ್ನು ರೇಡಿಯೊ ಪಕ್ಕದಲ್ಲಿ ಇಡಬೇಡಿ, ಕಂಬದ ಮೇಲೆ ಆಂಟೆನಾ ಬುಡದಲ್ಲೇ ಕಟ್ಟಿ. ಚಂದ್ರನಿಗೆ ತಲುಪಿದ್ದರಲ್ಲಿ ಶೇ 7ರಷ್ಟು ಮಾತ್ರ ಅದು ತಿರುಗಿ ಚೆಲ್ಲುತ್ತೆ, ಹೋಗಿಬರುವಷ್ಟರಲ್ಲಿ ಸುಮಾರು 250 ಡೆಸಿಬೆಲ್ ನಷ್ಟ. ಅಷ್ಟು ಕಷ್ಟಪಟ್ಟು ಬಂದದ್ದನ್ನು ತೆಳ್ಳಗಿನ ಆರ್‌ಜಿ-58 ಕೇಬಲ್‌ನಲ್ಲಿ 20 ಮೀಟರ್ ಎಳೆದರೆ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಗುತ್ತೆ.

ಟ್ರಾನ್ಸ್‌ಮಿಟ್ ಒತ್ತಿದಾಗ ರಿಲೇ (ಆಂಟೆನಾವನ್ನು ಪ್ರೀಆ್ಯಂಪ್‌ನಿಂದ ಬಿಡಿಸಿ ಕಳಿಸುವ ಕಡೆಗೆ ಜೋಡಿಸುವ ಸ್ವಿಚ್) ಮೊದಲು ತಿರುಗಬೇಕು, ಪವರ್ ಆಮೇಲೆ ಹೋಗಬೇಕು. ಈ ಸರದಿ ನೋಡಿಕೊಳ್ಳೋದು ಸೀಕ್ವೆನ್ಸರ್. ಮೊದಲ ಸಲ ಅದಿಲ್ಲದೆ ಹೋಗಿದ್ದೆವು. ರಿಲೇ ಒಂದು ಕ್ಷಣ ತಡವಾಯಿತು, ಪ್ರೀಆ್ಯಂಪ್ ಸುಟ್ಟಿತು, ವಾಟರ್‌ಫಾಲ್‌ನ (ಬರುವ ಸಿಗ್ನಲ್ಲನ್ನು ಬಣ್ಣದಲ್ಲಿ ತೋರಿಸುವ ಕಿಟಕಿ) ಹಳದಿ ಚುಕ್ಕೆಗಳೆಲ್ಲ ಆರಿ ಸ್ಕ್ರೀನ್ ನೀಲಿಯಾಗಿ ನಿಂತಿತು. ಎದುರಿಗೆ ಗದ್ದೆ ನೀರಿನಲ್ಲಿ ಚಂದ್ರ ಹೊಳೀತಿದ್ದ. ಅಳು ಬಂದಿತ್ತು, ನಿಜ.

ಎಲ್ಲ ಕಟ್ಟಿದ ಮೇಲೆ ಆಂಟೆನಾವನ್ನು ಸೂರ್ಯನ ಕಡೆ ತಿರುಗಿಸಿ. ಗದ್ದಲ ಏರಬೇಕು, ಪಕ್ಕಕ್ಕೆ ತಿರುಗಿಸಿದರೆ ಇಳಿಯಬೇಕು. ಇಷ್ಟಾದರೆ ಕಿವಿ ಸರಿಯಿದೆ.

ಸ್ಪರ್ಧೆಯ ಎರಡು ದಿನ

ಅಮೆರಿಕದ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್ ನಡೆಸುವ ಇಎಂಇ (ಮೂನ್‌ಬೌನ್ಸ್‌ನ ಇನ್ನೊಂದು ಹೆಸರು) ಸ್ಪರ್ಧೆ ವರ್ಷದ ಕೊನೆಯ ತಿಂಗಳುಗಳ ವಾರಾಂತ್ಯಗಳಲ್ಲಿ ಬರುತ್ತೆ. ನಮ್ಮ ಲೆಕ್ಕದಲ್ಲಿ ಶನಿವಾರ ಬೆಳಗ್ಗೆ 5.30ರಿಂದ ಸೋಮವಾರ ಬೆಳಗ್ಗೆ 5.30ರವರೆಗೆ. ಒಂದು ಸಂಪರ್ಕಕ್ಕೆ 100 ಅಂಕ, ಅದನ್ನು ಸಿಕ್ಕ ದೇಶ, ರಾಜ್ಯಗಳ ಸಂಖ್ಯೆಯಿಂದ ಗುಣಿಸುತ್ತಾರೆ.

ಕೀಬೋರ್ಡ್‌ಗೆ ಒಬ್ಬರು, ಅವರಿಗೆ ಹ್ಯಾಮ್ ಲೈಸೆನ್ಸ್ ಇರಲೇಬೇಕು. ಆಂಟೆನಾಗೆ ಒಬ್ಬರು. ಚಂದ್ರ ಗಂಟೆಗೆ ಸುಮಾರು 15 ಡಿಗ್ರಿ ಸರಿಯೋದರಿಂದ ಅವರು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕೈಯಲ್ಲೇ ತಿರುಗಿಸಿದರೂ ನಡೆಯುತ್ತೆ. ಮೂರನೆಯವರು ಲಾಗ್ (ಸಂಪರ್ಕಗಳ ದಾಖಲೆ) ಮತ್ತು ಸಮಯ, ನಾಲ್ಕನೆಯವರು ಬ್ಯಾಟರಿ, ಜನರೇಟರ್, ಊಟ. ಸರದಿ ಮೇಲೆ ಮಲಗಿ. ಚಂದ್ರ ನೆತ್ತಿ ಮೇಲಿರುವ ಹೊತ್ತು ನಿದ್ದೆಗೆ ಸರಿ.

ನಮ್ಮಲ್ಲಿ ಚಂದ್ರ ಹುಟ್ಟುವಾಗ ಜಪಾನ್, ಆಸ್ಟ್ರೇಲಿಯಾ, ಅಮೆರಿಕದ ಪಶ್ಚಿಮ ತೀರ ಹುಡುಕಿ. ಮುಳುಗುವಾಗ ಯುರೋಪ್. ಲ್ಯಾಪ್‌ಟಾಪ್ ಗಡಿಯಾರ ಒಂದು ಸೆಕೆಂಡ್ ಕೂಡ ಆಚೀಚೆ ಇರಬಾರದು, ಹೊಲದಲ್ಲಿ ನೆಟ್ ಇರದಿದ್ದರೆ ಜಿಪಿಎಸ್‌ನಿಂದ ಹೊಂದಿಸಿ. ಒಂದು ನಿಮಿಷ ಕಳಿಸಿ, ಒಂದು ನಿಮಿಷ ಕೇಳಿ. ಎರಡೂ ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಹೆಸರು), ಸಿಗ್ನಲ್ ಹೇಗೆ ಬಂತು ಅನ್ನೋ ರಿಪೋರ್ಟ್, 'ಎಲ್ಲ ಸಿಕ್ಕಿತು' ಅನ್ನುವ ಕೊನೆಯ ಆರ್‌ಆರ್‌ಆರ್ ಇವೆಲ್ಲ ಚಂದ್ರನ ಮೂಲಕವೇ ಬರಬೇಕು. ಆ ಕಡೆಯವರು ಮೆಸೇಜ್ ಮಾಡಿ 'ನೀವು ಕೇಳಿಸಿದಿರಿ' ಅಂದರೆ ಅದು ಲೆಕ್ಕಕ್ಕಿಲ್ಲ.

ಗದ್ದೆಯ ಯಜಮಾನರು ಟಾರ್ಚ್ ಹಿಡಿದು ಬಂದು, "ಏನ್ ಸ್ವಾಮಿ, ಚಂದ್ರಂಗೆ ಕಂಬಿ ತೋರಿಸ್ತಿದ್ದೀರಾ?" ಅಂದಿದ್ದರು. ಅಷ್ಟರಲ್ಲಿ ಸ್ಕ್ರೀನ್ ಮೇಲೆ ಜಪಾನಿನ ಕಾಲ್‌ಸೈನ್ ಮೂಡಿತು. ತೋರಿಸಿದೆವು. ಅವರು ಅಲ್ಲೇ ಬದು ಮೇಲೆ ಕೂತು ಚಂದ್ರ ಮೇಲೇರುವ ತನಕ ಏಳಲಿಲ್ಲ.

ಸ್ಪರ್ಧೆ ಮುಗಿದ ಮೇಲೆ ಲಾಗ್‌ನಲ್ಲಿ ಸಮಯವೆಲ್ಲ ಯುಟಿಸಿಯಲ್ಲಿದೆಯಾ (ಜಾಗತಿಕ ಸಮಯ) ಅಂತ ಇಬ್ಬರು ಕೂತು ನೋಡಿ, ಸ್ಪರ್ಧೆಯ ಲಾಗ್ ಕಳಿಸುವ ಮಾದರಿಯಾದ ಕ್ಯಾಬ್ರಿಲ್ಲೊ ಫೈಲ್ ಮಾಡಿ, ಕೊನೆಯ ದಿನಾಂಕಕ್ಕೆ ಕಾಯದೆ ಕಳಿಸಿಬಿಡಿ.