ಮಾಜಿ ಸೈನಿಕರ ಸಂಘಕ್ಕೆ ಪೈಸಾರಿ ಜಾಗ ಕೇಳುವ ಮುಂಚೆ

ನಮ್ಮ ಕೊಡಗಿನಲ್ಲಿ ಸಂಘಕ್ಕೊಂದು ಸ್ವಂತ ಕಟ್ಟಡ ಬೇಕು ಅಂದ ಕೂಡಲೇ ಎಲ್ಲರೂ ಶಾಸಕರ ಮನೆಗೆ ಹೊರಡುತ್ತಾರೆ. ಅದು ಆಮೇಲೆ ಆಗಲಿ. ಮೊದಲು ಕೇಳಬೇಕೆಂದಿರುವ ಪೈಸಾರಿ, ಅಂದರೆ ಖಾಲಿ ಸರ್ಕಾರಿ ಜಾಗದ ಜಾತಕ ನೋಡಿ.

ಜಾತಕ ಅಂದರೆ ಆರ್‌ಟಿಸಿ (ಪಹಣಿ). ಮಾಲೀಕರ ಕಾಲಂನಲ್ಲಿ ಸರ್ಕಾರ ಅಂತ ಇರಬೇಕು. ಗದ್ದೆಗೆ ಸೇರಿದ ಬಾಣೆ ಜಮೀನು ಖಾಲಿ ಬಿದ್ದಿದೆ ಅಂತ ಅದು ಪೈಸಾರಿ ಆಗುವುದಿಲ್ಲ, ಅದರ ಹಿಂದೆ ಒಂದು ಇಡೀ ಒಕ್ಕ (ಮನೆತನ) ನಿಂತಿರುತ್ತದೆ. ದೇವರಕಾಡಿನ ಆಸೆಯಂತೂ ಬಿಟ್ಟುಬಿಡಿ.

ಪೈಸಾರಿ ಅಂತ ಖಾತ್ರಿಯಾದರೂ ಅರಣ್ಯದ ಪ್ರಶ್ನೆ ಉಳಿಯುತ್ತದೆ. ನಾವು ಎಡವಿದ್ದು ಇಲ್ಲೇ, ಅರ್ಜಿ ಕೊಟ್ಟು ಎಂಟು ತಿಂಗಳು ಕಾದ ಮೇಲೆ ಆ ಸರ್ವೆ ನಂಬರ್ ಅರಣ್ಯದ ಪಟ್ಟಿಯಲ್ಲಿದೆ ಅಂತ ಫೈಲ್ ವಾಪಸ್ ಬಂತು. 1996ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ದಾಖಲೆಯಲ್ಲಿ ಅರಣ್ಯ ಅಂತಿದ್ದರೆ ಮಾಲೀಕ ಯಾರೇ ಇರಲಿ ಅದು ಅರಣ್ಯವೇ, ಬೇರೆ ಕೆಲಸಕ್ಕೆ ಬಳಸಲು 1980ರ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಹಾಗಾಗಿ ಅರ್ಜಿಗೆ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಸರ್ವೆ ಕೆಲಸ ಮಳೆಗಾಲಕ್ಕೆ ಮುಂಚೆ ಮುಗಿಸಿ, ಜುಲೈಯಲ್ಲಿ ಜಿಗಣೆ ಬಿಟ್ಟರೆ ಯಾರೂ ಆ ಕಡೆ ಬರುವುದಿಲ್ಲ.

ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರಲಿ. ಬೈಲಾ, ಆಡಿಟ್ ವರದಿ, ಜಾಗ ಕೇಳಲು ಮಾಡಿದ ಠರಾವು, ಸ್ಕೆಚ್ ಜೊತೆಗಿಡಿ. ಎಷ್ಟು ಸೆಂಟ್, ಯಾತಕ್ಕೆ ಅಂತ ಬಿಡಿಸಿ ಬರೆಯಿರಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಶಿಫಾರಸು ಪತ್ರ ಇದ್ದರೆ ತೂಕ ಜಾಸ್ತಿ. ಅರ್ಜಿ ಜಿಲ್ಲಾಧಿಕಾರಿಗೆ. ಅಲ್ಲಿಂದ ಅದು ತಹಶೀಲ್ದಾರ್, ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತ ಅಧಿಕಾರಿ ಅಂತ ಕೆಳಗಿಳಿದು, ಮಹಜರು ಆಗಿ, ಉಪವಿಭಾಗಾಧಿಕಾರಿ ಮೂಲಕ ಮತ್ತೆ ಮೇಲೆ ಹತ್ತುತ್ತದೆ, ಕೆಲವೊಮ್ಮೆ ಬೆಂಗಳೂರಿಗೂ ಹೋಗುತ್ತದೆ. ಪ್ರತಿ ಮೇಜಿನಲ್ಲೂ ಫೈಲ್ ನಂಬರ್ ಬರೆದುಕೊಳ್ಳಿ.

ಜಾಗ ಸಂಘದ ಹೆಸರಿಗೇ ಬೇಕು ಅಂತ ಹಠ ಬೇಡ ಅನ್ನುವುದು ನನ್ನ ಅಭಿಪ್ರಾಯ. ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಸಾರ್ವಜನಿಕ ಉದ್ದೇಶಕ್ಕೆ ಜಾಗ ಕಾಯ್ದಿರಿಸಬಹುದು. ಮಡಿಕೇರಿಯ ಸನ್ನಿಸೈಡ್ ನೋಡಿ, ಹಿಂದೆ ಆರ್‌ಟಿಒ ಕಚೇರಿ ಇದ್ದ ಜನರಲ್ ತಿಮ್ಮಯ್ಯನವರ ಮನೆ ಸರ್ಕಾರದ ಕೈಯಲ್ಲೇ ಇದ್ದುಕೊಂಡು 2021ರಲ್ಲಿ ಮ್ಯೂಸಿಯಂ ಆಯಿತಲ್ವಾ?

ಮಂಜೂರಾದರೆ ಸಿಹಿ ಹಂಚುವ ಮೊದಲು ಆದೇಶದ ಷರತ್ತು ಓದಿ. ಮಾರುವಂತಿಲ್ಲ, ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ, ಕಟ್ಟಡಕ್ಕೆ ಗಡುವು ಅಂತೆಲ್ಲ ಇರುತ್ತದೆ. ಆಮೇಲೆ ಪೋಡಿ, ಅಂದರೆ ಅಳತೆ ಮಾಡಿ ಜಾಗವನ್ನು ದಾಖಲೆಯಲ್ಲಿ ಬೇರ್ಪಡಿಸುವ ಕೆಲಸ ಮಾಡಿಸಿ, ಆರ್‌ಟಿಸಿಯಲ್ಲಿ ಮಂಜೂರಾತಿ ದಾಖಲಾಗಿದೆಯಾ ನೋಡಿ, ಅದೇ ವಾರ ಬೇಲಿ ಹಾಕಿ.